ದಿನಸಿ ಚೀಟಿಯಿಂದಲೇ ಪಥ್ಯ ಆರಂಭವಾಗಲಿ

ತೂಕ ಇಳಿಸಬೇಕು ಎಂದು ವೈದ್ಯರು ಹೇಳಿದ ಕೂಡಲೇ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಏನೇನು ತಿನ್ನಬಾರದು?" ನನ್ನ ದವಾಖಾನೆಗೆ ಬರುವವರೂ ಇದನ್ನೇ ಕೇಳುತ್ತಾರೆ. ನಾನು ಮರುಪ್ರಶ್ನೆ ಹಾಕುತ್ತೇನೆ: "ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ? ಎಷ್ಟು ಕಿಲೋ ಸಕ್ಕರೆ?" ತಕ್ಷಣ ಉತ್ತರ ಕೊಡುವವರು ಬಹಳ ಕಡಿಮೆ. ಗಂಡಸರಿಗೆ ತಂದದ್ದು ಗೊತ್ತು, ಅದು ಎಷ್ಟು ದಿನಕ್ಕೆ ಮುಗಿಯುತ್ತದೆಂದು ಗೊತ್ತಿಲ್ಲ. ಹೆಂಗಸರಿಗೆ ಮುಗಿದದ್ದು ಗೊತ್ತು, ಎಷ್ಟು ತಂದಿದ್ದರೆಂದು ನೆನಪಿಲ್ಲ.

ಆದರೆ ಪಥ್ಯದ ಬಹುಪಾಲು ಆ ಉತ್ತರದಲ್ಲೇ ಅಡಗಿದೆ. ಪಥ್ಯದ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿರುತ್ತದೆ. ಬಾಗಿಲು ತೆರೆದರೆ ಒಳಗೆ ನಿನ್ನೆಯ ಬಿರಿಯಾನಿ, ಅರ್ಧ ಬಾಟಲಿ ಶರಬತ್ತು, ಮಕ್ಕಳಿಗೆಂದು ತಂದ ಕೇಕು. ಇಂಥ ಮನೆಯಲ್ಲಿ ಪಥ್ಯ ಮಾಡುವವರು ದಿನಕ್ಕೆ ಹತ್ತಾರು ಸಲ ತಮ್ಮ ಮನಸ್ಸಿನೊಂದಿಗೆ ಜಗಳವಾಡಬೇಕು. ಅಂಗಡಿಯಲ್ಲಿ ಒಮ್ಮೆ ಮನಸ್ಸು ಗಟ್ಟಿ ಮಾಡಿಕೊಂಡರೆ ಆ ಜಗಳಗಳಲ್ಲಿ ಮುಕ್ಕಾಲು ಪಾಲು ಬರುವುದೇ ಇಲ್ಲ. ಮನೆಗೆ ಬಂದ ವಸ್ತುವನ್ನು ಯಾರಾದರೂ ತಿಂದೇ ತಿನ್ನುತ್ತಾರೆ. ಹೆಚ್ಚಾಗಿ ತಿನ್ನುವವರು, "ಇಷ್ಟು ಮಿಕ್ಕಿದೆ, ಚೆಲ್ಲುವುದು ಹೇಗೆ" ಎನ್ನುವ ತಾಯಂದಿರು.

ಕೆಲವು ತಿಂಗಳ ಹಿಂದೆ ಒಬ್ಬ ಸಹೋದರಿ ಬಂದಿದ್ದರು. ವಯಸ್ಸು ನಲವತ್ತರ ಆಸುಪಾಸು. ತೂಕ 84 ಕಿಲೋ, ಮೊಣಕಾಲು ನೋವು, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.2. ಅಂದರೆ ಮಧುಮೇಹ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ. ಅವರ ತಾಯಿಗೆ ಸಕ್ಕರೆ ಕಾಯಿಲೆಯಿಂದ ಕಾಲ್ಬೆರಳುಗಳನ್ನು ತೆಗೆಸಬೇಕಾಗಿ ಬಂದಿತ್ತು. ಆ ಗಾಯಕ್ಕೆ ದಿನವೂ ಪಟ್ಟಿ ಕಟ್ಟಿದವರು ಇವರೇ. ಭಯ ಸಾಕಷ್ಟಿತ್ತು, ಮನಸ್ಸೂ ಇತ್ತು. ಮೂರು ಸಲ ಪಥ್ಯ ಶುರು ಮಾಡಿ ಮೂರು ಸಲವೂ ಬಿಟ್ಟಿದ್ದರು. ಮುಂದಿನ ಬಾರಿ ಬರುವಾಗ ಕಿರಾಣಿ ಅಂಗಡಿಯ ಬಿಲ್ ತನ್ನಿ ಎಂದೆ. ತಂದರು. ಐದು ಮಂದಿಯ ಮನೆಗೆ 6 ಲೀಟರ್ ಎಣ್ಣೆ, 5 ಕಿಲೋ ಸಕ್ಕರೆ, 2 ಕಿಲೋ ಮೈದಾ, ಒಂದೂವರೆ ಕಿಲೋದಷ್ಟು ಬಿಸ್ಕತ್ತು, ಒಂದು ಕಿಲೋ ಟೋಸ್ಟ್. ಇದು ದುಂದುವೆಚ್ಚದ ಮನೆಯಲ್ಲ. ನಮ್ಮ ನಿಮ್ಮೆಲ್ಲರ ಮನೆಯ ಬಿಲ್ಲೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ಲೆಕ್ಕ ಹಾಕಲು ತಿಳಿದಿರಬೇಕಾದದ್ದು ಸ್ವಲ್ಪವೇ. ಆಹಾರ ಕೊಡುವ ಶಕ್ತಿಯ ಅಳತೆಯೇ ಕ್ಯಾಲರಿ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ ಸುಮಾರು 4 ಕ್ಯಾಲರಿ, ಒಂದು ಗ್ರಾಂ ಪ್ರೋಟೀನಿನಲ್ಲೂ 4, ಒಂದು ಗ್ರಾಂ ಕೊಬ್ಬಿನಲ್ಲಿ 9. ಖರ್ಚಿಗಿಂತ ಹೆಚ್ಚು ಒಳಗೆ ಹೋದರೆ ದೇಹ ಅದನ್ನು ಕೊಬ್ಬಾಗಿ ಕೂಡಿಡುತ್ತದೆ.

ಹಳೆಯ ಹಕೀಮರ ಸೂತ್ರ

ಯುನಾನಿ ವೈದ್ಯಕ್ಕೆ ಕ್ಯಾಲರಿ ಎಂಬ ಪದ ಗೊತ್ತಿರಲಿಲ್ಲ. ಆದರೆ ವಿಷಯ ಗೊತ್ತಿತ್ತು. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ, ಅಂದರೆ ಅಸ್ಬಾಬೆ ಸಿತ್ತಾ ಝರೂರಿಯಾದಲ್ಲಿ, ಅನ್ನಪಾನಗಳೂ ಒಂದು. ಆಹಾರದಿಂದಲೇ ಮಾಡುವ ಚಿಕಿತ್ಸೆಗೆ ಇಲಾಜ್ ಬಿಲ್ ಗಿಝಾ ಎಂದು ಹೆಸರು. ಸಾವಿರ ವರ್ಷಗಳ ಹಿಂದೆ ಬದುಕಿದ್ದ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ದಪ್ಪ ದೇಹದವರಿಗೆ ಹೇಳಿದ ಉಪಾಯಗಳಲ್ಲಿ ಒಂದು ಹೀಗಿದೆ: ಗಾತ್ರದಲ್ಲಿ ದೊಡ್ಡದಾಗಿಯೂ ಪೋಷಣೆಯಲ್ಲಿ ಹಗುರವಾಗಿಯೂ ಇರುವ ಆಹಾರವನ್ನು ಕೊಡಬೇಕು. ಹೊಟ್ಟೆ ತುಂಬಬೇಕು, ದೇಹ ತುಂಬಬಾರದು. ಜೊತೆಗೆ ಶ್ರಮದ ವ್ಯಾಯಾಮವನ್ನೂ ಅವರು ಹೇಳಿದ್ದಾರೆ.

ಈ ಒಂದು ಮಾತನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. 100 ಗ್ರಾಂ ಸೌತೆಕಾಯಿ, ಸೋರೆಕಾಯಿ ಅಥವಾ ಹೀರೆಕಾಯಿಯಲ್ಲಿ 15ರಿಂದ 20 ಕ್ಯಾಲರಿ ಇರುತ್ತದೆ. 100 ಗ್ರಾಂ ಎಲೆಕೋಸಿನಲ್ಲಿ ಸುಮಾರು 25. ಅದೇ 100 ಗ್ರಾಂ ಬಿಸ್ಕತ್ತಿನಲ್ಲಿ 450ರಿಂದ 500, ಮಿಕ್ಸ್ಚರ್ ಮತ್ತು ಚಿಪ್ಸ್‌ನಲ್ಲಿ 500ಕ್ಕೂ ಮೇಲೆ, ಎಣ್ಣೆಯಲ್ಲಿ 900. ನಾಲ್ಕು ಬಿಸ್ಕತ್ತು ಅಂಗೈಯಲ್ಲಿ ಹಿಡಿಯುತ್ತದೆ, ಚಹಾದಲ್ಲಿ ಅದ್ದಿ ತಿಂದದ್ದು ನೆನಪಿಗೂ ಬರುವುದಿಲ್ಲ. ಅಷ್ಟೇ ಕ್ಯಾಲರಿಯ ಸೌತೆಕಾಯಿ ತಿನ್ನಲು ಕೂತರೆ ದವಡೆ ನೋಯುತ್ತದೆ.

ಮೊದಲ ಸಾಲು ಎಣ್ಣೆ

ಬಿಲ್ಲಿನಲ್ಲಿ ಎಲ್ಲಕ್ಕಿಂತ ಮೊದಲು ತಿದ್ದಬೇಕಾದ ಸಾಲು ಇದು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದರಲ್ಲಿ 8,000ಕ್ಕೂ ಹೆಚ್ಚು ಕ್ಯಾಲರಿ ಇದೆ. ಆ ಸಹೋದರಿಯ ಮನೆಯ 6 ಲೀಟರನ್ನು ಐದು ಮಂದಿಗೆ, ಮೂವತ್ತು ದಿನಕ್ಕೆ ಹಂಚಿ ನೋಡಿ. ತಲೆಗೆ ದಿನಕ್ಕೆ 40 ಮಿಲಿ, ಅಂದರೆ ಹೆಚ್ಚುಕಡಿಮೆ 330 ಕ್ಯಾಲರಿ. ಇದು ಬರೀ ಎಣ್ಣೆಯಿಂದ. ತುಪ್ಪ, ತೆಂಗಿನಕಾಯಿ, ಹೊರಗಿನ ಪಫ್ಸು-ಸಮೋಸಾ ಇದರಲ್ಲಿ ಸೇರಿಲ್ಲ. ಅದನ್ನು 3 ಲೀಟರಿಗೆ ಇಳಿಸಿದರೆ ಪ್ರತಿಯೊಬ್ಬರಿಗೂ ದಿನಕ್ಕೆ 165 ಕ್ಯಾಲರಿ ಕಡಿಮೆಯಾಗುತ್ತದೆ. ಒಂದೂವರೆ ಚಪಾತಿಯಷ್ಟು. ಚಪಾತಿಯನ್ನು ಯಾರೂ ಬಿಡಲಿಲ್ಲ, ಯಾರೂ ಹಸಿದಿರಲಿಲ್ಲ. ಚೀಟಿಯಲ್ಲಿ ಒಂದು ಅಂಕಿ ಬದಲಾಯಿತು, ಅಷ್ಟೇ.

ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್, ಹೆಚ್ಚೆಂದರೆ 600 ಮಿಲಿ. ನಾನು ಹೇಳುವ ಲೆಕ್ಕ ಇದು. ಇದನ್ನು ಪಾಲಿಸಲು ಸುಲಭದ ದಾರಿಯೂ ಇದೆ. ಮೂರು ಲೀಟರ್ ತಂದ ದಿನವೇ ಅದನ್ನು 750 ಮಿಲಿಯಂತೆ ನಾಲ್ಕು ಬಾಟಲಿಗಳಿಗೆ ಸುರಿದಿಡಿ. ವಾರಕ್ಕೆ ಒಂದು ಬಾಟಲಿ. ಗುರುವಾರವೇ ಖಾಲಿಯಾದರೆ ಶುಕ್ರವಾರ ಆವಿಯಲ್ಲಿ ಬೇಯಿಸಿದ್ದು, ಸುಟ್ಟದ್ದು. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸವನ್ನು ನಿಲ್ಲಿಸಿ ಚಮಚದಿಂದ ಅಳೆಯಿರಿ. ಒಂದು ಟೀ ಚಮಚ ಎಣ್ಣೆ ಸುಮಾರು 45 ಕ್ಯಾಲರಿ.

"ಯಾವ ಎಣ್ಣೆ ಒಳ್ಳೆಯದು ಡಾಕ್ಟ್ರೇ?" ಎಂದು ಕೇಳುವವರು ಬಹಳ. ಶೇಂಗಾ, ಸೂರ್ಯಕಾಂತಿ, ತೆಂಗಿನೆಣ್ಣೆ, ಆಲಿವ್ ಇವುಗಳಲ್ಲಿರುವ ಕೊಬ್ಬಿನ ಬಗೆ ಬೇರೆ ಬೇರೆ, ಹೃದಯದ ಮೇಲಿನ ಪರಿಣಾಮವೂ ಬೇರೆ ಬೇರೆ. ಕ್ಯಾಲರಿ ಮಾತ್ರ ಎಲ್ಲದರಲ್ಲೂ ಒಂದೇ. ದುಬಾರಿ ಆಲಿವ್ ಎಣ್ಣೆಯನ್ನು ಧಾರಾಳವಾಗಿ ಸುರಿದು ತೂಕ ಇಳಿಯಲಿಲ್ಲವೆಂದು ಕೊರಗುವವರನ್ನು ನಾನು ಕಂಡಿದ್ದೇನೆ. ತುಪ್ಪವೂ ಅಷ್ಟೇ. ಡಾಲ್ಡಾದ ಡಬ್ಬ ಚೀಟಿಯಲ್ಲಿದ್ದರೆ ಪೂರ್ತಿ ಹೊಡೆದುಹಾಕಿ. ಅದರ ಬದಲು ಏನು ತರಬೇಕೆಂದು ಕೇಳಬೇಡಿ, ಏನೂ ತರಬೇಕಾಗಿಲ್ಲ.

ಕರಾವಳಿಯ ಓದುಗರಿಗೆ ಇನ್ನೊಂದು ಮಾತು. ತೆಂಗಿನಕಾಯಿಯನ್ನು ನಾವು ತರಕಾರಿಯ ಲೆಕ್ಕಕ್ಕೆ ಹಾಕಿಬಿಟ್ಟಿದ್ದೇವೆ. 100 ಗ್ರಾಂ ಹಸಿ ಕಾಯಿತುರಿಯಲ್ಲಿ 350ರಿಂದ 400 ಕ್ಯಾಲರಿ ಇರುತ್ತದೆ. ಕಾಯಿ ಹಾಕಬೇಡಿ ಎಂದರೆ ನನ್ನನ್ನು ಯಾರೂ ಊಟಕ್ಕೆ ಕರೆಯಲಿಕ್ಕಿಲ್ಲ. ಆದ್ದರಿಂದ ಒಂದು ಕಾಯಿಯ ಗಸಿಯನ್ನು ಅರ್ಧ ಕಾಯಿಯಲ್ಲಿ ಮಾಡಿ, ಉಳಿದ ಮಂದಕ್ಕೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ ರುಬ್ಬಿ ಹಾಕಿ ಎಂದಷ್ಟೇ ಹೇಳುತ್ತೇನೆ.

ಸಕ್ಕರೆ, ಬೆಲ್ಲ, ಜೇನು

5 ಕಿಲೋ ಸಕ್ಕರೆ ಐದು ಮಂದಿಗೆ ಎಂದರೆ ತಲೆಗೆ ದಿನಕ್ಕೆ 33 ಗ್ರಾಂ, ಸುಮಾರು 130 ಕ್ಯಾಲರಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ಇಂಥ ಸಕ್ಕರೆಯನ್ನು ದಿನದ ಶಕ್ತಿಯ ಶೇಕಡಾ 10ಕ್ಕಿಂತ ಕೆಳಗಿಡಬೇಕು. ಶೇಕಡಾ 5ಕ್ಕಿಂತ ಕೆಳಗೆ, ಅಂದರೆ ಸುಮಾರು 25 ಗ್ರಾಂ ಒಳಗೆ ಇಟ್ಟರೆ ಇನ್ನೂ ಒಳ್ಳೆಯದು. ಬಿಸ್ಕತ್ತು, ಟೋಸ್ಟು, ಶರಬತ್ತುಗಳಲ್ಲಿರುವ ಸಕ್ಕರೆಯೂ ಆ 25 ಗ್ರಾಂನೊಳಗೇ ಬರಬೇಕು. ಚೀಟಿಯಲ್ಲಿ 5ನ್ನು 2 ಮಾಡಿ. ಒಮ್ಮೆಲೇ ಕಷ್ಟವಾದರೆ ಮೊದಲ ತಿಂಗಳು 3.5, ಮರು ತಿಂಗಳು 2. ನಾಲಗೆ ಎರಡು ಮೂರು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಆಮೇಲೆ ನೆಂಟರ ಮನೆಯ ಚಹಾ ಪಾಯಸದಂತೆ ಅನಿಸುತ್ತದೆ.

ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆವು ಎನ್ನುವವರು ಬಹಳ. 100 ಗ್ರಾಂ ಸಕ್ಕರೆಯಲ್ಲಿ 400ರ ಹತ್ತಿರ ಇದ್ದರೆ ಬೆಲ್ಲದಲ್ಲೂ ಬಹುತೇಕ ಅಷ್ಟೇ, ಜೇನಿನಲ್ಲಿ 300ರಷ್ಟು. ಜೇನಿನ ಗುಣಗಳನ್ನು ಯುನಾನಿ ವೈದ್ಯನಾದ ನಾನು ಅಲ್ಲಗಳೆಯುವುದಿಲ್ಲ. ಆದರೆ ಔಷಧಿಯ ಅಳತೆ ಬೇರೆ, ರೊಟ್ಟಿಗೆ ಸವರುವ ಅಳತೆ ಬೇರೆ. ನಮ್ಮ ಕಡೆಯ ಔಷಧಿಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಾಜೂನ್, ಖಮೀರಾ, ಜವಾರಿಶ್, ಶರಬತ್ತು ಇವೆಲ್ಲ ಸಕ್ಕರೆಯ ಅಥವಾ ಜೇನಿನ ಪಾಕದಲ್ಲಿ ತಯಾರಾಗುವಂಥವು. ಅಂಗಡಿಯಿಂದ ನೀವೇ ತಂದು "ತಾಕತ್ತಿಗೆ" ಎಂದು ಚಮಚಗಟ್ಟಲೆ ತಿನ್ನಬೇಡಿ. ಮಧುಮೇಹ ಇದ್ದರೆ ಹಕೀಮರಿಗೆ ಮೊದಲೇ ಹೇಳಿ. ಮಾತ್ರೆ ಅಥವಾ ಪುಡಿಯ ರೂಪದಲ್ಲಿ ಕೊಡಬಹುದಾದ ಔಷಧಿಗಳೂ ಇವೆ.

ಖರ್ಜೂರದ ಬಗ್ಗೆ ಕೇಳುವವರಿಗೆ: ಸಣ್ಣ ಒಣ ಖರ್ಜೂರ ಒಂದರಲ್ಲಿ 20ರಿಂದ 25 ಕ್ಯಾಲರಿ, ದೊಡ್ಡ ಮೆಡ್ಜೂಲ್ ಒಂದರಲ್ಲಿ 65ರಷ್ಟು. ಎರಡು ಸಣ್ಣವು ಸಾಕು. ಡಬ್ಬವನ್ನು ಟಿವಿಯ ಮುಂದೆ ಇಡಬೇಡಿ.

ಅಕ್ಕಿಯೋ ರಾಗಿಯೋ

ಇಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದಂತೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 356 ಕ್ಯಾಲರಿ, ಜೋಳದಲ್ಲಿ 334, ರಾಗಿಯಲ್ಲಿ ಮತ್ತು ಗೋಧಿಹಿಟ್ಟಿನಲ್ಲಿ 320. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಆದ್ದರಿಂದ "ಅನ್ನ ಬಿಟ್ಟು ಮುದ್ದೆ ತಿನ್ನುತ್ತಿದ್ದೇನೆ" ಎಂದು ಎರಡು ದೊಡ್ಡ ಮುದ್ದೆ ಇಳಿಸಿದರೆ ತೂಕ ಇಳಿಯುವುದಿಲ್ಲ. ರಾಗಿ, ಜೋಳ, ಗೋಧಿಯ ಲಾಭ ನಾರಿನಲ್ಲಿದೆ. ಅವುಗಳಲ್ಲಿ 100 ಗ್ರಾಂಗೆ 10ರಿಂದ 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರಿದ್ದರೆ ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಬರುತ್ತದೆ, ಮಲಬದ್ಧತೆಯೂ ಕಡಿಮೆ. ಕರಾವಳಿಯ ಕುಚ್ಚಲಕ್ಕಿಗೂ ಇದೇ ಮಾತು. ಬಿಳಿ ಅಕ್ಕಿಗಿಂತ ಒಳ್ಳೆಯದು, ಆದರೆ ಕ್ಯಾಲರಿ ಇಲ್ಲದ ಅಕ್ಕಿಯೇನಲ್ಲ.

ಪಡಿತರದಲ್ಲಿ ಬಂದ ಅಕ್ಕಿ ಮನೆಯಲ್ಲಿ ರಾಶಿ ಇದ್ದಾಗ ರಾಗಿ ಕೊಳ್ಳಲು ಮನಸ್ಸಾಗುವುದಿಲ್ಲ, ನನಗೆ ಗೊತ್ತು. ಬೇಡ. ಇರುವ ಅಕ್ಕಿಯನ್ನೇ ಬೇಯಿಸುವ ಮೊದಲು ಅಳೆಯಿರಿ. ಮನೆಮಂದಿಯ ಹೊಟ್ಟೆಯನ್ನು ನೋಡಿ "ಇನ್ನೊಂದು ಹಿಡಿ ಇರಲಿ" ಎಂದು ಹಾಕುವ ಆ ಹಿಡಿಯೇ ರಾತ್ರಿ ಪಾತ್ರೆಯ ತಳದಲ್ಲಿ ಉಳಿದು ನಿಮ್ಮ ತಟ್ಟೆಗೆ ಬರುವುದು.

ಮೈದಾ ಚೀಟಿಯಲ್ಲಿ ಇರಲೇಬೇಕೆಂದಿಲ್ಲ. ಮನೆಯಲ್ಲಿ ಇದ್ದರೆ ಪರಾಟ, ಸಮೋಸಾ ಆಗಿಯೇ ತೀರುತ್ತದೆ. ಮಂಡಕ್ಕಿ ಒಂದು ಒಳ್ಳೆಯ ಸಾಮಾನು. ತೂಕದಲ್ಲಿ ಹಗುರ, ದೊಡ್ಡ ಬಟ್ಟಲು ತುಂಬಾ ಹಾಕಿದರೂ ತೂಗುವುದು ಸ್ವಲ್ಪವೇ. ಈರುಳ್ಳಿ, ಟೊಮೆಟೊ, ನಿಂಬೆರಸ ಹಾಕಿ ತಿನ್ನಿ. ಅದರ ಮೇಲೆ ಎಣ್ಣೆ ಸುರಿದು ಖಾರಾ ಸೇವು ಉದುರಿಸಿದರೆ ಇಬ್ನ್ ಸೀನಾರ ಸೂತ್ರ ಅಲ್ಲಿಗೆ ಮುಗಿಯಿತು.

ಚೀಲದ ಭಾರ ಎಲ್ಲಿರಬೇಕು

ಎಣ್ಣೆ, ಸಕ್ಕರೆ, ಬಿಸ್ಕತ್ತು ಇಳಿದಾಗ ಉಳಿಯುವ ಹಣ ಸಂತೆಗೆ ಹೋಗಬೇಕು. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಹೇಳುವ ಪ್ರಕಾರ ದೊಡ್ಡವರಿಗೆ ತರಕಾರಿ, ಹಣ್ಣು ಸೇರಿ ದಿನಕ್ಕೆ ಸುಮಾರು 500 ಗ್ರಾಂ ಬೇಕು. ಐದು ಮಂದಿಗೆ ವಾರಕ್ಕೆ 17 ಕಿಲೋ! ಆ ಸಹೋದರಿಯ ಮನೆಗೆ ಬರುತ್ತಿದ್ದದ್ದು ವಾರಕ್ಕೆ 6 ಕಿಲೋ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಆಲೂಗಡ್ಡೆ, ಈರುಳ್ಳಿ. ನಮ್ಮ ಅನೇಕ ಮನೆಗಳಲ್ಲಿ ಮಾಂಸದ ಸಾರಿದ್ದ ದಿನ ತರಕಾರಿಗೆ ರಜೆ. ಹಾಗಾಗಬಾರದು. ಕೋಳಿ ಸಾರಿದ್ದರೂ ಪಕ್ಕದಲ್ಲಿ ಒಂದು ಪಲ್ಯ, ಒಂದು ತಟ್ಟೆ ಸೌತೆ-ಮೂಲಂಗಿ ಇರಲಿ. ಒಮ್ಮೆಲೇ 17 ಕಿಲೋ ತರಲು ಆಗದಿದ್ದರೆ 10 ಕಿಲೋದಿಂದ ಶುರು ಮಾಡಿ. ಸೊಪ್ಪು, ಬದನೆ, ಹೀರೆ, ಪಡವಲ, ಬೆಂಡೆ, ನುಗ್ಗೆ, ಸೀಮೆಬದನೆ ಎಲ್ಲ ನಡೆಯುತ್ತದೆ. ಸಂತೆ ಮುಗಿಯುವ ಹೊತ್ತಿಗೆ ಹೋದರೆ ಅಗ್ಗವಾಗಿಯೂ ಸಿಗುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಜ್ಯೂಸ್ ಮಾಡಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ.

ಪ್ರೋಟೀನ್ ಕಡಿಮೆಯಾದರೆ ಪಥ್ಯದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಸುಸ್ತು ಹತ್ತುತ್ತದೆ. ಆದ್ದರಿಂದ ಬೇಳೆಕಾಳು, ಮೊಟ್ಟೆಗಳನ್ನು ಚೀಟಿಯಲ್ಲಿ ಕಡಿಮೆ ಮಾಡಬೇಡಿ. ಒಂದು ಮೊಟ್ಟೆಗೆ 70ರಿಂದ 75 ಕ್ಯಾಲರಿ. ಕಡಲೆಕಾಳು, ಹೆಸರುಕಾಳು, ಹುರುಳಿ ನೆನೆಸಿ ಬೇಯಿಸಿಟ್ಟರೆ ಸಂಜೆಯ ಬಿಸ್ಕತ್ತಿನ ಜಾಗಕ್ಕೆ ಅದು ಬರುತ್ತದೆ. ಬಾದಾಮಿ, ಶೇಂಗಾ ಒಳ್ಳೆಯವೇ, ಆದರೆ 100 ಗ್ರಾಂಗೆ 550ರಿಂದ 600 ಕ್ಯಾಲರಿ. ದಿನಕ್ಕೆ ಒಂದು ಸಣ್ಣ ಹಿಡಿ ಎಂದು ಎಣಿಸಿ.

ಕೋಳಿ ಕೊಳ್ಳುವಾಗ ಚರ್ಮ ತೆಗೆಸಿ. ಮಟನ್ ಅಂಗಡಿಯಲ್ಲಿ ಕಣ್ಣಿಗೆ ಕಾಣುವ ಚರ್ಬಿಯನ್ನು ಅಲ್ಲೇ ಬಿಡಿಸಿ. ಖೀಮಾ ಬೇಕಿದ್ದರೆ ಮೊದಲು ತುಂಡು ಆರಿಸಿ, ಚರ್ಬಿ ತೆಗೆಸಿ, ಆಮೇಲೆ ನಿಮ್ಮ ಕಣ್ಣೆದುರೇ ಕೊಚ್ಚಿಸಿ. ಮೊದಲೇ ಕೊಚ್ಚಿಟ್ಟ ಖೀಮಾದಲ್ಲಿ ಎಷ್ಟು ಚರ್ಬಿ ಇದೆಯೆಂದು ತಿಳಿಯುವುದು ಸಾಧ್ಯವಿಲ್ಲ. ಬಂಗುಡೆ, ಬೂತಾಯಿಯ ಕೊಬ್ಬು ಹೃದಯಕ್ಕೆ ಹಿತ. ಮೀನು ಕೆಡುವುದು ಬಾಣಲೆಯಲ್ಲಿ.

ಹಾಲಿನ ಪ್ಯಾಕೆಟ್ಟಿನ ಮೇಲಿನ ಹೆಸರನ್ನು ಓದಿ. ಫುಲ್ ಕ್ರೀಮ್ ಹಾಲಿನಲ್ಲಿ ಕನಿಷ್ಠ ಶೇಕಡಾ 6 ಕೊಬ್ಬು, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5, ಟೋನ್ಡ್‌ನಲ್ಲಿ 3, ಡಬಲ್ ಟೋನ್ಡ್‌ನಲ್ಲಿ 1.5. ಫುಲ್ ಕ್ರೀಮ್‌ನಿಂದ ಟೋನ್ಡ್‌ಗೆ ಬಂದರೆ ಅರ್ಧ ಲೀಟರಿಗೆ ನೂರಕ್ಕೂ ಹೆಚ್ಚು ಕ್ಯಾಲರಿ ಉಳಿಯುತ್ತದೆ. ಬೆಲೆಯೂ ಕಡಿಮೆ. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮಾತ್ರ ಕೊಬ್ಬು ತೆಗೆದ ಹಾಲು ಕೊಡಬೇಡಿ.

ಪ್ಯಾಕೆಟ್ಟಿನ ಹಿಂಬದಿ

ಪ್ಯಾಕೆಟ್ಟಿನ ಮುಂದೆ ಬರೆದದ್ದು ಕಂಪೆನಿಯ ಮಾತು. ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದು ಕಾನೂನಿನ ಮಾತು. ಕೊಳ್ಳುವ ಮೊದಲು ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿಯನ್ನು ಹೆಚ್ಚಿನ ತೂಕದಿಂದ ಕಡಿಮೆ ತೂಕದ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮುಂದೆ "ಮಲ್ಟಿಗ್ರೇನ್" ಎಂದಿದ್ದರೂ ಹಿಂದೆ ಮೊದಲ ಹೆಸರು ರಿಫೈನ್ಡ್ ವೀಟ್ ಫ್ಲೋರ್ ಆಗಿದ್ದರೆ ಅದು ಮೈದಾ. ಎರಡನೆಯದೋ ಮೂರನೆಯದೋ ಸಕ್ಕರೆ ಇದ್ದರೆ ಅದು ಸಿಹಿತಿಂಡಿ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಎಂಬ ಹೆಸರುಗಳೂ ಸಕ್ಕರೆಯ ಬಳಗವೇ.

ಪೋಷಕಾಂಶಗಳ ಕೋಷ್ಟಕದಲ್ಲಿ ಮೊದಲು "ಎನರ್ಜಿ" ಎಂಬ ಸಾಲು ಹುಡುಕಿ. 100 ಗ್ರಾಂಗೆ ಎಷ್ಟೆಂದು ನೋಡಿ. ಒಂದು ಸರ್ವಿಂಗ್‌ಗೆ ಎಷ್ಟು ಎಂಬ ಸಾಲು ಮೋಸ ಹೋಗಲು ಒಳ್ಳೆಯ ಜಾಗ. ಎರಡು ಬಿಸ್ಕತ್ತನ್ನು ಒಂದು ಸರ್ವಿಂಗ್ ಎಂದು ಬರೆದಿರಬಹುದು. ನಮ್ಮಲ್ಲಿ ಎರಡಕ್ಕೆ ನಿಲ್ಲಿಸುವವರು ಯಾರು? ಪಕ್ಕದಲ್ಲಿ ಕಾಣುವ ಶೇಕಡಾವಾರು ಅಂಕಿಯನ್ನು ದಿನಕ್ಕೆ 2,000 ಕ್ಯಾಲರಿ ಎಂಬ ಲೆಕ್ಕದಲ್ಲಿ ಹಾಕಿರುತ್ತಾರೆ. ನಿಮ್ಮ ಪಥ್ಯ 1,500ರದ್ದಾದರೆ ಆ ಶೇಕಡಾ ನಿಮಗೆ ಇನ್ನೂ ಹೆಚ್ಚು. ಒಂದು ಸುಲಭ ಮಾಪಕ ಹೇಳುತ್ತೇನೆ, ಇದು ನನ್ನದು, ಸರಕಾರದ್ದಲ್ಲ: ಹಾಗೆಯೇ ತಿನ್ನುವ ಪ್ಯಾಕೆಟ್ ತಿಂಡಿಯಲ್ಲಿ 100 ಗ್ರಾಂಗೆ 400 ಕ್ಯಾಲರಿಗಿಂತ ಹೆಚ್ಚಿದ್ದರೆ ಮರಳಿ ಕಪಾಟಿನಲ್ಲಿಡಿ. ಒಣಬೀಜಗಳಿಗೆ ಮಾತ್ರ ವಿನಾಯಿತಿ. "ಶುಗರ್ ಫ್ರೀ" ಟೋಸ್ಟು ಈ ಮಾಪಕದಲ್ಲಿ ಹೆಚ್ಚಾಗಿ ಸೋಲುತ್ತದೆ. ಸಕ್ಕರೆ ತೆಗೆದರೂ ಮೈದಾ, ಎಣ್ಣೆ ಅಲ್ಲೇ ಇರುತ್ತವೆ. ಬೇಕರಿಯ ಬಿಡಿ ತಿಂಡಿಗಳಿಗೆ ಹೆಚ್ಚಾಗಿ ಲೇಬಲ್ಲೇ ಇರುವುದಿಲ್ಲ.

ಗಲ್ಫಿನಿಂದ ಬರುವ ಪೆಟ್ಟಿಗೆಯನ್ನು ಮರೆಯಬಾರದು. ಚಾಕಲೇಟು, ಹಾಲಿನ ಪುಡಿ, ಹಣ್ಣಿನ ರುಚಿಯ ಪಾನೀಯದ ಪುಡಿ, ಇವು ನಿಮ್ಮ ಚೀಟಿಯಲ್ಲಿ ಇಲ್ಲದೆಯೂ ಮನೆಗೆ ಬರುತ್ತವೆ. ಪಾನೀಯದ ಪುಡಿ ಬಹುಪಾಲು ಸಕ್ಕರೆಯೇ. ಕೆಲವು ಲೇಬಲ್ಲುಗಳಲ್ಲಿ ಕಿಲೋಜೂಲ್ ಎಂಬ ದೊಡ್ಡ ಅಂಕಿಯೂ ಇರುತ್ತದೆ, ಗಾಬರಿಯಾಗಬೇಡಿ. ಅದನ್ನು 4.2ರಿಂದ ಭಾಗಿಸಿದರೆ ಕ್ಯಾಲರಿ ಸಿಗುತ್ತದೆ. ಪೆಟ್ಟಿಗೆ ತೆರೆದ ದಿನವೇ ನೆರೆಮನೆ, ಬಂಧುಗಳಿಗೆ ಹಂಚಿಬಿಡಿ. ತಂದವರಿಗೂ ಸಂತೋಷ, ನಿಮ್ಮ ಕಪಾಟೂ ಖಾಲಿ.

ಚೀಟಿ ಬರೆಯುವವರು ಯಾರು, ತರುವವರು ಯಾರು

ಪಥ್ಯ ಮುರಿಯುವುದು ಹೆಚ್ಚಾಗಿ ಇಲ್ಲಿ. ಚೀಟಿ ಬರೆಯುವವರು ಒಬ್ಬರು, ಅಂಗಡಿಗೆ ಹೋಗುವವರು ಇನ್ನೊಬ್ಬರು. ಅಂಗಡಿಯಲ್ಲಿ ನಿಂತು ಪತಿ ಫೋನ್ ಮಾಡುತ್ತಾರೆ, "ಇನ್ನೇನಾದರೂ ಬೇಕಾ?" ಈ ಪ್ರಶ್ನೆಗೆ "ಏನೂ ಬೇಡ" ಎಂಬ ಉತ್ತರವನ್ನು ಮೊದಲೇ ಅಭ್ಯಾಸ ಮಾಡಿಟ್ಟುಕೊಳ್ಳಿ. ಚೀಟಿಯಲ್ಲಿ "ಎಣ್ಣೆ, ಬಿಸ್ಕತ್ತು" ಎಂದು ಬರೆದರೆ ಅಂಗಡಿಯವರು ತಮ್ಮ ಅಭ್ಯಾಸದಂತೆ ಕಟ್ಟುತ್ತಾರೆ. ಪ್ರತಿ ಸಾಮಾನಿನ ಮುಂದೆ ಅಳತೆ ಬರೆಯಿರಿ. ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ, ಊಟವಾದ ಮೇಲೆ ಹೋಗಿ. ಸೂಪರ್ ಮಾರ್ಕೆಟ್ಟಿನಲ್ಲಿ "ಒಂದು ಕೊಂಡರೆ ಒಂದು ಉಚಿತ" ಎಂದು ಕಂಡರೆ ಅದು ಹೆಚ್ಚಾಗಿ ಬಿಸ್ಕತ್ತು, ನೂಡಲ್ಸ್, ತಂಪು ಪಾನೀಯ. ಹೀರೆಕಾಯಿಯ ಮೇಲೆ ಅಂಥ ಕೊಡುಗೆಯನ್ನು ನಾನಂತೂ ಕಂಡಿಲ್ಲ.

"ಮನೆಗೆ ಯಾರಾದರೂ ಬಂದರೆ?" ಎಂದು ಆ ಸಹೋದರಿ ಕೇಳಿದರು. ಅತ್ತೆಯವರಿಗೆ ಟೋಸ್ಟ್ ಇಲ್ಲದೆ ಚಹಾ ಇಳಿಯದು, ಮಕ್ಕಳು ಬಿಸ್ಕತ್ತಿಗೆ ಅಳುತ್ತಾರೆ, ಒಬ್ಬಳ ಕಾಯಿಲೆಗೆ ಮನೆಯವರೆಲ್ಲ ಉಪವಾಸವೇ ಎಂಬ ಮಾತೂ ಬಂದಿತ್ತಂತೆ. ಇದು ಸಣ್ಣ ಸಂಕಟವಲ್ಲ. ನಮ್ಮಲ್ಲಿ ಮನೆಯೊಡತಿಗೆ ಔಷಧಿ ತರಲು ಯಾರೂ ಬೇಡವೆನ್ನುವುದಿಲ್ಲ, ಆದರೆ ಆಕೆಯ ಪಥ್ಯಕ್ಕಾಗಿ ಅಡುಗೆ ಬದಲಾಗಬೇಕೆಂದರೆ ಮುಖ ಬಾಡುತ್ತದೆ. ಮುಂದಿನ ಸಲ ಪತಿಯನ್ನೂ ಕರೆತರಲು ಹೇಳಿ, ಬಿಲ್ಲನ್ನು ಅವರ ಮುಂದಿಟ್ಟೆ. ಅವರ ರಕ್ತದೊತ್ತಡವನ್ನೂ ನೋಡಿದೆ. 150ರ ಮೇಲಿತ್ತು. ಅಲ್ಲಿಂದ ಅದು ಒಬ್ಬಳ ಪಥ್ಯವಾಗಿ ಉಳಿಯಲಿಲ್ಲ. ಅತ್ತೆಯವರ ಟೋಸ್ಟನ್ನು ನಿಲ್ಲಿಸಲಿಲ್ಲ, ಕಿಲೋ ಬದಲು 200 ಗ್ರಾಂ ಪ್ಯಾಕೆಟ್ ವಾರಕ್ಕೊಂದು, ಅದೂ ಅವರ ಕೋಣೆಯಲ್ಲಿ. ಅತಿಥಿಗಳಿಗೆ ಬೇಯಿಸಿದ ಮೊಟ್ಟೆ, ಹಣ್ಣು, ಹುರಿಗಡಲೆ. ತಿಂಡಿ ಬೇಕೇಬೇಕೆಂದರೆ ಆ ಹೊತ್ತಿಗೆ ಬೇಕಾದಷ್ಟೇ ತರಿಸುವುದು. ಮೂರು ತಿಂಗಳ ಬಳಿಕ ಅವರ ತೂಕ 79 ಕಿಲೋ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ತಪ್ಪಿದೆ ಎಂದರು. ಎಚ್‌ಬಿಎ1ಸಿ 5.9ಕ್ಕೆ ಬಂದಿದೆ, ಇನ್ನೂ ಇಳಿಯಬೇಕು.

ಕಲೌಂಜಿ, ಸಿರ್ಕಾ, ಜೀರಿಗೆ ನೀರಿನ ಬಗ್ಗೆ ಯಾಕೆ ಬರೆದಿಲ್ಲ ಎಂದು ಕೆಲವರು ಕೇಳಬಹುದು. ಅವುಗಳಿಗೆ ಯುನಾನಿಯಲ್ಲಿ ಅವುಗಳದೇ ಸ್ಥಾನವಿದೆ, ವೈದ್ಯರು ಪ್ರಕೃತಿ ನೋಡಿ ಕೊಡುತ್ತಾರೆ. ಆದರೆ ಬೆಳಿಗ್ಗೆ ಒಂದು ಲೋಟ ಜೀರಿಗೆ ನೀರು ಕುಡಿದು ಮಧ್ಯಾಹ್ನ ತಲೆಗೆ 40 ಮಿಲಿ ಎಣ್ಣೆಯ ಅಡುಗೆ ಉಂಡರೆ ಗೆಲ್ಲುವುದು ಎಣ್ಣೆಯೇ.

ಇನ್ನು ಎಚ್ಚರಿಕೆಯ ಮಾತು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಆಹಾರ ಕಡಿಮೆ ಮಾಡಬಾರದು. ಊಟ ಇಳಿದು ಔಷಧಿಯ ಪ್ರಮಾಣ ಹಾಗೆಯೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಡುಕ, ಬೆವರು, ಕಣ್ಣು ಕತ್ತಲಿಡುವುದು ಅದರ ಲಕ್ಷಣಗಳು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ಕಾಯಿಲೆಯವರು ತಾವಾಗಿಯೇ ಕ್ಯಾಲರಿ ಎಣಿಸಲು ಹೊರಡಬಾರದು. ಉಳಿದವರೂ ದಿನಕ್ಕೆ 1,200 ಕ್ಯಾಲರಿಗಿಂತ ಕೆಳಗೆ ಇಳಿಯುವುದಾದರೆ ವೈದ್ಯರ ನಿಗಾದಲ್ಲೇ ಇರಬೇಕು. ನಿಮಗೆ ಎಷ್ಟು ಕ್ಯಾಲರಿ ಬೇಕೆಂಬುದು ವಯಸ್ಸು, ತೂಕ, ಕೆಲಸ ನೋಡಿ ನಿರ್ಧಾರವಾಗಬೇಕೇ ಹೊರತು ನೆರೆಮನೆಯವರ ಪಟ್ಟಿಯಿಂದಲ್ಲ.

ಮುಂದಿನ ತಿಂಗಳ ಚೀಟಿ ಬರೆಯುವ ಮೊದಲು ಈ ತಿಂಗಳ ಬಿಲ್ ಹುಡುಕಿ ತೆಗೆಯಿರಿ. ಎಣ್ಣೆ, ಸಕ್ಕರೆ, ಮೈದಾ, ಬಿಸ್ಕತ್ತು, ಹಾಲು, ಈ ಐದು ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಮನೆಮಂದಿಯ ಸಂಖ್ಯೆಯಿಂದ, ಆಮೇಲೆ ಮೂವತ್ತರಿಂದ ಭಾಗಿಸಿ. ಲೆಕ್ಕ ಬರುವ ಮಕ್ಕಳಿದ್ದರೆ ಅವರಿಂದಲೇ ಮಾಡಿಸಿ. ಹೊಸ ಚೀಟಿಯನ್ನು ಹಳೆಯ ಬಿಲ್ಲಿಗೆ ಪಿನ್ ಮಾಡಿಟ್ಟುಕೊಳ್ಳಿ. ವೈದ್ಯರನ್ನು ಕಾಣಲು ಹೋಗುವಾಗ ರಕ್ತಪರೀಕ್ಷೆಯ ವರದಿಯ ಜೊತೆ ಅವೆರಡನ್ನೂ ಒಯ್ಯಿರಿ.